ಬಿರುಕುಬಿಟ್ಟ ಬಿಳಿ ರೆಕ್ಕೆ

1969ರಲ್ಲಿ ಮೊದಲು ಹಾರಿದ ಸ್ಟ್ಯಾಂಡರ್ಡ್ ಸಿರಸ್ ಮಾದರಿಯ ಗ್ಲೈಡರುಗಳು ಇವತ್ತಿಗೂ ಯುರೋಪಿನ ಕ್ಲಬ್ಬುಗಳಲ್ಲಿ ಹಾರುತ್ತಿವೆ. ಗಾಜಿನ ನಾರು ಮತ್ತು ಎಪಾಕ್ಸಿ ರಾಳದ ಅವುಗಳ ಒಡಲು ಗಟ್ಟಿಯಾಗಿಯೇ ಇರುತ್ತದೆ. ವಯಸ್ಸು ಕಾಣುವುದು ಮೇಲಿನ ಬಿಳಿ ಪದರದಲ್ಲಿ, ಅಂದರೆ ಜೆಲ್‌ಕೋಟ್‌ನಲ್ಲಿ. ಬೆಳಕು ಓರೆಯಾಗಿ ಬಿದ್ದಾಗ ರೆಕ್ಕೆಯ ಮೇಲೆ ಕೂದಲೆಳೆಯಂಥ ಬಿರುಕುಗಳು ಸಾಲುಗಟ್ಟುತ್ತವೆ. ಅದನ್ನೆಲ್ಲ ಉಜ್ಜಿ ತೆಗೆದು ಹೊಸ ಮೇಲ್ಮೈ ಕೊಡಿಸಬೇಕೇ, ಮೇಣ ಹಚ್ಚಿಕೊಂಡು ಇನ್ನೊಂದಷ್ಟು ವರ್ಷ ಹಾರಿಸಬೇಕೇ ಎಂಬ ಪ್ರಶ್ನೆ ಹಳೆಯ ಗ್ಲೈಡರ್ ಇಟ್ಟುಕೊಂಡ ಯಾರನ್ನೂ ಬಿಟ್ಟಿಲ್ಲ.

ಕಾರ್ಖಾನೆಯಲ್ಲಿ ಅಚ್ಚಿನೊಳಗೆ ಮೊದಲು ಹಾಕುವುದೇ ಜೆಲ್‌ಕೋಟ್. ಗಾಜಿನ ಬಟ್ಟೆ, ರಾಳ ಎಲ್ಲ ಆಮೇಲೆ. ಪಾಲಿಯೆಸ್ಟರಿನ ಈ ಪದರ ಗಡಸು, ಆದರೆ ಬಾಗುವ ಗುಣ ಕಡಿಮೆ. ವರ್ಷಗಟ್ಟಲೆ ಬಿಸಿಲಿನ ಅತಿನೇರಳೆ ಕಿರಣ ತಿಂದು ಅದು ಇನ್ನೂ ಪೆಡಸಾಗುತ್ತದೆ. ಮೇಲೇರಿದಂತೆ ಗಾಳಿಯ ಉಷ್ಣತೆ ಪ್ರತಿ ಸಾವಿರ ಮೀಟರಿಗೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಆ ಚಳಿಗೆ ಜೆಲ್‌ಕೋಟ್ ಕೆಳಗಿನ ಗಾಜುನಾರಿಗಿಂತ ಹೆಚ್ಚು ಕುಗ್ಗುತ್ತದೆ. ಜೊತೆಗೆ ರೆಕ್ಕೆ ಬಾಗುತ್ತಲೇ ಇರುತ್ತದೆ. ಬಿರುಕು ಬಿಡದೆ ಇನ್ನೇನು ಮಾಡೀತು?

ಹೊಸ ಮೇಲ್ಮೈ ಬೇಕೆನ್ನುವವರ ಮಾತಿನಲ್ಲಿ ತೂಕವಿದೆ. ಬಿರುಕು ತೇವಕ್ಕೆ ದಾರಿ. ಅದು ಆಳಕ್ಕಿಳಿದಷ್ಟೂ ಗಾಜುನಾರಿನ ಗತಿಯೇನೆಂಬ ಆತಂಕ ಹೆಚ್ಚುತ್ತದೆ. ಪದರ ಚಕ್ಕೆಚಕ್ಕೆಯಾಗಿ ಏಳತೊಡಗಿದರೆ ಮೇಣದಿಂದ ಪ್ರಯೋಜನವಿಲ್ಲ. ಈ ರೆಕ್ಕೆಗಳ ಸೊಗಸೇ ಗಾಳಿ ಕದಡದೆ ಜಾರಿಹೋಗುವುದರಲ್ಲಿದೆ. ರೆಕ್ಕೆಯ ಮುಂದಿನ ಅಂಚಿನ ಬಳಿ ಒರಟಾದರೆ ಆ ಹರಿವು ಬೇಗ ಕದಡಿ, ಎಳೆತ ಹೆಚ್ಚುತ್ತದೆ.

ಬೇಡವೆನ್ನುವವರ ಭಯ ಬಣ್ಣದ ಬಗ್ಗೆ ಅಲ್ಲ, ಮರಳುಕಾಗದದ ಬಗ್ಗೆ. ನನಗೂ ಅದೇ ದೊಡ್ಡದಾಗಿ ಕಾಣುತ್ತದೆ. ತುದಿಯಿಂದ ತುದಿಗೆ 15 ಮೀಟರ್ ಚಾಚಿದ ರೆಕ್ಕೆಗಳನ್ನು ಅಂಗುಲ ಅಂಗುಲ ಉಜ್ಜಬೇಕು. ಕಾಗದದ ಚಿಕ್ಕ ತುಂಡು ಹಿಡಿದು ಉಜ್ಜಿದರೆ ಮೇಲ್ಮೈಯಲ್ಲಿ ಅಲೆಗಳೇಳುತ್ತವೆ. ಹಾಗಾಗಿ ಉದ್ದನೆಯ ಹಲಗೆಗೆ ಕಾಗದ ಅಂಟಿಸಿ, ಓರೆಯಾಗಿ, ತಾಳ್ಮೆಯಿಂದ ಎಳೆಯಬೇಕು. ಒಂದು ಕಡೆ ಒತ್ತು ಹೆಚ್ಚಾದರೆ ಜೆಲ್‌ಕೋಟ್ ದಾಟಿ ಗಾಜುನಾರನ್ನೇ ತಿಂದುಬಿಡಬಹುದು. ವಿನ್ಯಾಸಕಾರ ಗೆರೆ ಹಾಕಿ ಕೊಟ್ಟ ಆಕಾರ ಹೋದರೆ ಎಷ್ಟು ಹೊಳಪಿದ್ದರೂ ವ್ಯರ್ಥ. ಕೆಲಸ ನೂರಾರು ಗಂಟೆಗಳದು. ಕೂಲಿ ಕೊಟ್ಟು ಮಾಡಿಸಿದರೆ ಹಳೆಯ ಗ್ಲೈಡರಿನ ಬೆಲೆಯ ಹತ್ತಿರಕ್ಕೇ ಖರ್ಚು ಹೋಗಬಹುದು, ಮಾರುವಾಗ ಅಷ್ಟೂ ವಾಪಸ್ ಬಾರದು.

ಮಾಡಿಸುವುದೇ ಆದರೆ ಮತ್ತೆ ಜೆಲ್‌ಕೋಟೋ, ಪಾಲಿಯುರೆಥೇನ್ ಬಣ್ಣವೋ? ಜೆಲ್‌ಕೋಟ್ ದಪ್ಪಗೆ ಕೂರುತ್ತದೆ, ಸಣ್ಣ ತಗ್ಗುಗಳನ್ನು ಉಜ್ಜಿ ಸರಿಮಾಡಲು ಜಾಗ ಕೊಡುತ್ತದೆ. ಮುಂದೆ ಗೀರು ಬಿದ್ದರೆ ಅಷ್ಟಕ್ಕೇ ತೇಪೆ ಹಾಕಿ ಹಳೆಯದರೊಡನೆ ಬೆರೆಸಬಹುದು. ಆದರೆ ಅದು ಮತ್ತೊಮ್ಮೆ ಬಿರುಕು ಬಿಡುವ ಜಾತಿಯೇ. ಪಾಲಿಯುರೆಥೇನ್ ತೆಳ್ಳಗೆ ಕೂರುತ್ತದೆ, ಬಾಗುತ್ತದೆ, ಬಿಸಿಲಿಗೆ ಹೆಚ್ಚು ತಾಳುತ್ತದೆ. ತೇಪೆ ಮಾತ್ರ ಕಣ್ಣಿಗೆ ಹೊಡೆಯುತ್ತದೆ. ಸಿಂಪಡಿಸುವಾಗ ಏಳುವ ಐಸೊಸಯನೇಟ್ ಉಸಿರಾಟಕ್ಕೆ ಅಪಾಯ, ಮನೆಯ ಶೆಡ್ಡಿನಲ್ಲಿ ಮಾಡುವ ಕೆಲಸವಲ್ಲ. ಬಿಸಿಲಲ್ಲಿ ಬೆಳೆದ ನಾನಂತೂ ಬಹಳ ಹೊತ್ತು ಬಯಲಲ್ಲಿ ನಿಲ್ಲುವ ಗ್ಲೈಡರಿಗೆ ಪಾಲಿಯುರೆಥೇನ್ ಕಡೆಗೇ ವಾಲುತ್ತೇನೆ. ಬಣ್ಣ ಮಾತ್ರ ಬಿಳಿಯೇ ಇರಬೇಕು: ಗಾಢ ಬಣ್ಣ ಬಿಸಿಲಿಗೆ ಕಾಯುತ್ತದೆ, ಕಾದರೆ ಎಪಾಕ್ಸಿ ಮೆತ್ತಗಾಗುತ್ತದೆ.

ಬಿರುಕು ಕೂದಲೆಳೆಯಷ್ಟೇ ಇದ್ದು, ಪದರ ಎಲ್ಲೂ ಎದ್ದಿರದೆ, ಗ್ಲೈಡರ್ ಕ್ಲಬ್ಬಿನ ಸುತ್ತಮುತ್ತಲೇ ಹಾರುವುದಾದರೆ ಪೂರ್ತಿ ಉಜ್ಜಿಸಬೇಕಿಲ್ಲ. ಹಾರಾಟ ಮುಗಿದ ಮೇಲೆ ಹೊದಿಕೆ, ವರ್ಷಕ್ಕೊಮ್ಮೆ ಸಿಲಿಕೋನ್ ಇಲ್ಲದ ಗಟ್ಟಿ ಮೇಣ ಸಾಕು. ಸಿಲಿಕೋನ್ ಸೇರಿದ್ದರೆ ಮುಂದೆ ಹೊಸ ಬಣ್ಣ ಅಲ್ಲಲ್ಲಿ ಕಣ್ಣುಕಣ್ಣಾಗಿ ಹಿಂದೆ ಸರಿಯುತ್ತದೆ. ಚಕ್ಕೆ ಏಳುತ್ತಿದ್ದರೆ ಕಾಯಬಾರದು. ಒಟ್ಟಿಗೆ ಹಣ ಹೊಂದಿಸಲಾಗದಿದ್ದರೆ ಮೊದಲು ರೆಕ್ಕೆ, ಆಮೇಲೆ ಒಡಲು.

ಯಾವ ದಾರಿ ಹಿಡಿದರೂ ಒಂದರಲ್ಲಿ ಚೌಕಾಸಿ ಇಲ್ಲ. ಐಲೆರಾನ್, ಎಲಿವೇಟರ್, ರಡ್ಡರ್ ಎಂಬ ಚಲಿಸುವ ನಿಯಂತ್ರಣ ಭಾಗಗಳಿಗೆ ಬಳಿದ ಬಣ್ಣದ ಭಾರ ಬಹುಪಾಲು ಕೀಲಿನ ಹಿಂದೆ ಕೂರುತ್ತದೆ; ಸಮತೋಲ ತಪ್ಪಿದರೆ ವೇಗದಲ್ಲಿ ಅವು ನಡುಗಿ ಫ್ಲಟರ್ ಹುಟ್ಟಿ ಗ್ಲೈಡರನ್ನೇ ಮುರಿಯಬಲ್ಲದು. ಪ್ರತಿಯೊಂದನ್ನೂ ಬಿಚ್ಚಿ ತೂಗಿ, ಕೈಪಿಡಿಯ ಮಿತಿಯೊಳಗಿದೆಯೆಂದು ನೋಡಿ, ಇಡೀ ಗ್ಲೈಡರಿನ ತೂಕ ಮತ್ತು ಭಾರಕೇಂದ್ರವನ್ನು ಹೊಸದಾಗಿ ಅಳೆದು, ಅಧಿಕೃತ ತಪಾಸಕರು ಸಹಿ ಹಾಕಿದ ಮೇಲೆಯೇ ಅದು ಓಡುದಾರಿಗೆ ಬರಬೇಕು.