ರುಜು ಒಬ್ಬರದು, ಬೆವರು ಯಾರದು?

ಕೆನಡಾದ ಛಾಯಾಗ್ರಾಹಕ ಎಡ್ವರ್ಡ್ ಬರ್ಟಿನ್‌ಸ್ಕಿಯವರು ಕಚ್ಛದ ಚಿಕ್ಕ ರಣದ ಉಪ್ಪಿನ ಮಡಿಗಳನ್ನು ಆಕಾಶದಿಂದ ತೆಗೆದ ಚಿತ್ರಗಳು 2016ರಲ್ಲಿ ‘ಸಾಲ್ಟ್ ಪ್ಯಾನ್ಸ್’ ಎಂಬ ಪುಸ್ತಕವಾಗಿ ಬಂದಿವೆ. ಇಂಥ ಪುಸ್ತಕಕ್ಕೆ ಕಲಾವಿದರ ರುಜು ಬಿದ್ದರೆ ಬೆಲೆ ಏರುತ್ತದೆ. ಚಿತ್ರಗಳು ಚೆನ್ನಾಗಿವೆ; ನೆಲಕ್ಕೇ ರಂಗೋಲಿ ಇಟ್ಟಂತಿದೆ. ಅದರಲ್ಲಿ ನಮಗೆ ತಕರಾರಿಲ್ಲ.

ಆದರೆ ಆ ರಂಗೋಲಿಯ ಗೆರೆ ಎಳೆದವರು ಯಾರು? ಅಗರಿಯಾ ಜನ. ಮಳೆಗಾಲ ಕಳೆದೊಡನೆ ಸಂಸಾರಸಮೇತ ರಣಕ್ಕಿಳಿದು, ಬಾವಿ ತೋಡಿ ಉಪ್ಪುನೀರೆತ್ತಿ, ಮಡಿ ಕಟ್ಟಿ, ದಿನವೂ ಮರದ ಗೋರೆ ಎಳೆದು ಬೇಸಿಗೆಯವರೆಗೆ ಉಪ್ಪು ಬೆಳೆಯುವವರು. ಉಪ್ಪುನೀರಿಗೆ ಅಂಗಾಲು ಬಿರಿಯುತ್ತದೆ. ಮುಂಗಡ ಕೊಟ್ಟ ವ್ಯಾಪಾರಿ ಹೇಳಿದ್ದೇ ದರ. ಅಷ್ಟೆತ್ತರದಿಂದ ಮಡಿ ಕಂಡೀತು, ಬಿರಿದ ಕಾಲು ಕಾಣದು.

ನಮ್ಮ ಅಹಮದಾಬಾದಿನದೇ ಇನ್ನೊಂದು ಪುಸ್ತಕವಿದೆ. ಗಿರಣಿಗಳು ಮುಚ್ಚಿ ಕೆಲಸ ಕಳೆದುಕೊಂಡವರ ಬಾಳನ್ನು ಯಾನ್ ಬ್ರೆಮನ್ ಬರೆದರು. ಪಾರ್ಥಿವ್ ಶಾ ಚಿತ್ರ ತೆಗೆದರು. ‘ವರ್ಕಿಂಗ್ ಇನ್ ದ ಮಿಲ್ ನೋ ಮೋರ್’ ಎಂದು 2004ರಲ್ಲಿ ಅದು ಅಚ್ಚಾಯಿತು. ಅಲ್ಲಿ ಕ್ಯಾಮೆರಾ ಮನುಷ್ಯನ ಎದುರಿಗೇ ನಿಂತಿದೆ. ದುಡಿದವನ ಮುಖ ಕಂಡಾಗಲೇ ಮಾರ್ಪಟ್ಟ ನೆಲದ ಕಥೆ ಪೂರ್ತಿಯಾಗುವುದು.

ಕಾರ್ಮಿಕ ಬಂಧುಗಳೇ, ದೇಶದ ಉಪ್ಪಿನಲ್ಲಿ ಸುಮಾರು ಮುಕ್ಕಾಲು ಪಾಲು ಗುಜರಾತಿನದು. ಅಹಮದಾಬಾದಿರಲಿ, ವಡೋದರೆಯಿರಲಿ, ಸೂರತ್ತಿರಲಿ, ನಾವು ಸಾಂಬಾರಿಗೆ ಹಾಕುವ ಹಿಡಿ ಉಪ್ಪಿನ ಹಿಂದೆ ನಮ್ಮಂಥದೇ ಕೈಯಿದೆ. ಸಂಘದ ವಾಚನಾಲಯಕ್ಕೆ ಎರಡು ಪುಸ್ತಕಗಳನ್ನೂ ತರಿಸಬೇಕು. ರುಜು ಇಲ್ಲದ ಪ್ರತಿ ಸಾಕು. ಅವನ್ನು ಜೊತೆಗಿಟ್ಟು ನೋಡೋಣ. ಅಗರಿಯಾಗಳು ನ್ಯಾಯವಾದ ದರ ಕೇಳಿದ ದಿನ ನಮ್ಮ ದನಿಯನ್ನೂ ಕೂಡಿಸೋಣ. ಉಪ್ಪಿನ ಋಣ ತೀರುವುದು ಹಾಗೆ.