ಹಳೆಯ ಮದ್ದಿನ ಹೊಸ ಬಾಳು

ಕನ್ನಡದ ‘ಮದ್ದು’ ಎಂಬ ಮಾತಿಗೆ ಔಷಧವೆಂಬ ಅರ್ಥವುಂಟು. ಬಂದೂಕಿಗೆ ತುಂಬುವ ಸಿಡಿಪುಡಿಯೆಂಬ ಅರ್ಥವುಂಟು. ಕೇಡು ಬಗೆದವರು ಅನ್ನದಲ್ಲಿ ಬೆರೆಸಿಡುವ ವಿಷವೆಂಬ ಅರ್ಥವೂ ಉಂಟು. ಇವುಗಳಲ್ಲಿ ಯಾವುದೆಂಬುದನ್ನು ನಿಶ್ಚಯಿಸುವುದು ನಿಘಂಟಲ್ಲ, ಪ್ರಯೋಗ. ತರಗತಿಯಲ್ಲಿ ಈ ಮಾತನ್ನು ಹಲವು ವರ್ಷಗಳಿಂದ ಹೇಳುತ್ತ ಬಂದಿರುವ ನನಗೆ, ಕ್ಯಾನ್ಸರ್ ಚಿಕಿತ್ಸೆಯ ಬೆಳವಣಿಗೆಗಳನ್ನು ಓದುವಾಗ, ಅದೇ ಸೂತ್ರ ವೈದ್ಯಶಾಸ್ತ್ರಕ್ಕೂ ಸಲ್ಲುತ್ತದೆಂದು ತೋರುತ್ತದೆ. ಔಷಧದ ಗುಣ ಅದನ್ನು ಎಲ್ಲಿ, ಎಷ್ಟು, ಹೇಗೆ ಕೊಟ್ಟೆವೆಂಬುದರಲ್ಲಿಯೂ ಇದೆ.

ಬಿ.ಸಿ.ಜಿ. ಲಸಿಕೆಯನ್ನು ಅರಿಯದವರಾರು? ಕ್ಷಯವನ್ನು ತಡೆಯಲೆಂದು 1921ರಲ್ಲಿ ಫ್ರಾನ್ಸಿನಲ್ಲಿ ಮೊದಲು ಬಳಕೆಗೆ ಬಂದ ಈ ಲಸಿಕೆಯ ಗುರುತು ನಮ್ಮಲ್ಲಿ ಬಹುಮಂದಿಯ ತೋಳಿನ ಮೇಲಿದೆ. 1976ರಲ್ಲಿ ಕೆನಡಾದ ಮೊರಾಲೆಸ್ ಮತ್ತು ಅವರ ಸಂಗಡಿಗರು ಇದನ್ನು ಮೂತ್ರಕೋಶದ ಕ್ಯಾನ್ಸರಿಗೆ ಬಳಸಿ, 9 ಮಂದಿ ರೋಗಿಗಳ ಅನುಭವವನ್ನು ಪ್ರಕಟಿಸಿದರು. ಲಸಿಕೆಯ ದ್ರವವನ್ನು ತೆಳುನಳಿಕೆಯ ಮೂಲಕ ನೇರವಾಗಿ ಮೂತ್ರಕೋಶಕ್ಕೆ ಇಳಿಸಿ, ಸುಮಾರು ಎರಡು ಗಂಟೆ ಅಲ್ಲಿಯೇ ನಿಲ್ಲಿಸುವುದು, ವಾರಕ್ಕೊಮ್ಮೆಯಂತೆ ಆರು ವಾರ ಹೀಗೆ ಮಾಡುವುದು ಕ್ರಮ. ಬಲಗುಂದಿಸಿದ ಆ ಕ್ರಿಮಿಗಳನ್ನು ಎದುರಿಸಲು ದೇಹದ ರಕ್ಷಕಕಣಗಳು ಧಾವಿಸುತ್ತವೆ. ಬಂದವು ಕ್ಯಾನ್ಸರ್ ಕಣಗಳನ್ನೂ ಕೊಲ್ಲುತ್ತವೆ. ಸ್ನಾಯುವಿಗೆ ಇಳಿಯದ, ಆದರೆ ಮರಳುವ ಭಯವುಳ್ಳ ಮೂತ್ರಕೋಶದ ಕ್ಯಾನ್ಸರಿಗೆ ಇಂದಿಗೂ ಇದು ಮುಖ್ಯ ಚಿಕಿತ್ಸೆ.

ಇದಕ್ಕಿಂತ ನಮಗೆ ಹತ್ತಿರದ ಉದಾಹರಣೆ ಮುಂಬಯಿಯದು. ನಿವೊಲುಮ್ಯಾಬ್ ಎಂಬುದು ದೇಹದ ರಕ್ಷಣಾಶಕ್ತಿಗೆ ಬಿದ್ದ ಕಡಿವಾಣವನ್ನು ಸಡಿಲಿಸುವ ಔಷಧ. ಬೆಲೆ ಮಾತ್ರ ಸಾಮಾನ್ಯ ಸಂಸಾರದ ಕೈಗೆ ನಿಲುಕದ್ದು. ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು, ಗುಣವಾಗುವ ಹಂತವನ್ನು ದಾಟಿದ ತಲೆ-ಕುತ್ತಿಗೆಯ ಕ್ಯಾನ್ಸರಿನ 151 ರೋಗಿಗಳನ್ನು ಎರಡು ಗುಂಪು ಮಾಡಿದರು. ಎಲ್ಲರಿಗೂ ಮೆಥೊಟ್ರೆಕ್ಸೇಟ್, ಎರ್ಲೊಟಿನಿಬ್ ಮತ್ತು ಕೀಲುನೋವಿಗೆ ಕೊಡುವ ಸೆಲೆಕಾಕ್ಸಿಬ್ ಎಂಬ ಮೂರು ಗುಳಿಗೆಗಳನ್ನು ಕೊಟ್ಟು, ಒಂದು ಗುಂಪಿಗೆ ಮಾತ್ರ ಮೂರು ವಾರಕ್ಕೊಮ್ಮೆ 20 ಮಿಲಿಗ್ರಾಂ ನಿವೊಲುಮ್ಯಾಬ್ ಸೇರಿಸಿದರು. ರೂಢಿಯ ಪ್ರಮಾಣವಾದರೋ ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ! ಫಲ 2022ರಲ್ಲಿ ಪ್ರಕಟವಾಯಿತು: ವರ್ಷ ಕಳೆದಾಗ ಬದುಕಿದ್ದವರು ಗುಳಿಗೆ ಮಾತ್ರ ಪಡೆದವರಲ್ಲಿ ನೂರಕ್ಕೆ ಸುಮಾರು 16, ನಿವೊಲುಮ್ಯಾಬನ್ನೂ ಪಡೆದವರಲ್ಲಿ ಸುಮಾರು 43. ಪೂರ್ಣ ಪ್ರಮಾಣದೊಡನೆ ಹೋಲಿಸಿದ ಪರೀಕ್ಷೆ ಇದಲ್ಲ, ನಿಜ. ಆದರೂ ಅದನ್ನು ಕೊಳ್ಳಲಾರದ ರೋಗಿಗೆ ಇದು ಸಣ್ಣ ಲಾಭವೆ?

ಹಳೆಯದೆಲ್ಲ ಹೊನ್ನೆಂದು ನಾನು ವಾದಿಸುತ್ತಿಲ್ಲ. 2020ರಲ್ಲಿ ಮಲೇರಿಯದ ಹೈಡ್ರಾಕ್ಸಿಕ್ಲೋರೊಕ್ವಿನ್ ಗುಳಿಗೆಯನ್ನು ಕೋವಿಡಿಗೆ ದಿವ್ಯೌಷಧವೆಂದು ಜನ ಮುಗಿಬಿದ್ದು ಕೊಂಡರು. ಆಸ್ಪತ್ರೆ ಸೇರಿದ ರೋಗಿಗಳ ಪ್ರಾಣ ಅದರಿಂದ ಉಳಿಯದೆಂದು ಬ್ರಿಟನ್ನಿನ ದೊಡ್ಡ ಪರೀಕ್ಷೆಯೊಂದು ಅದೇ ವರ್ಷ ತೋರಿಸಿತು. ಔಷಧ ಹಳೆಯದಾದರೂ ಹೊಸ ರೋಗಕ್ಕೆ ಅದು ಹೊಸ ಮದ್ದೇ. ಪರೀಕ್ಷೆಯ ಕಟ್ಟುನಿಟ್ಟಿನಿಂದ ಅದಕ್ಕೆ ವಿನಾಯಿತಿ ಸಲ್ಲದು.

ಆ ಪರೀಕ್ಷೆಯನ್ನು ಮಾಡುವವರಾರು? ಪೇಟೆಂಟಿನ ಅವಧಿ ತೀರಿದ ಅಗ್ಗದ ಗುಳಿಗೆಗಾಗಿ ಕಂಪನಿಗಳು ಹಣ ಸುರಿಯುವುದು ಅಪರೂಪ. ಅದು ವ್ಯಾಪಾರದ ಧರ್ಮ. ಔಷಧವನ್ನು ಕೊಡುವ ವಿಧಾನವನ್ನು ಸುಧಾರಿಸುವಲ್ಲಿ ಅವು ಮುಂದಾಗಿವೆ. ರಕ್ತನಾಳಕ್ಕೆ ಅರ್ಧ ಗಂಟೆ ಇಳಿಸುತ್ತಿದ್ದ ನಿವೊಲುಮ್ಯಾಬನ್ನು ಮೂರರಿಂದ ಐದು ನಿಮಿಷದಲ್ಲಿ ಚರ್ಮದಡಿಗೆ ಕೊಡುವ ರೂಪಕ್ಕೆ 2024ರ ಡಿಸೆಂಬರಿನಲ್ಲಿ ಅಮೆರಿಕ ಒಪ್ಪಿಗೆ ನೀಡಿತು. ರೋಗಿಯ ಹೊತ್ತು ಉಳಿಯಿತು, ಸಂತೋಷ; ಆದರೆ ಪ್ರಮಾಣವೇನೂ ತಗ್ಗಲಿಲ್ಲ. ಕಡಿಮೆ ಮದ್ದು ಸಾಕೆ ಎಂಬ ಪ್ರಶ್ನೆಯನ್ನು ಮಾರುವವರು ಕೇಳುವರೆಂದು ನಿರೀಕ್ಷಿಸಲಾಗದು. ಕೊಳ್ಳುವವರಾದ ನಾವು, ನಮ್ಮ ಪರವಾಗಿ ಸರಕಾರ, ಕೇಳಬೇಕು. ಹೊಗೆಸೊಪ್ಪಿನ ದೆಸೆಯಿಂದ ಬಾಯಿಯ ಕ್ಯಾನ್ಸರ್ ಹೆಚ್ಚಿರುವ ಈ ದೇಶದಲ್ಲಿ ಇಂಥ ಪರೀಕ್ಷೆಗಳಿಗೆ ಸಾರ್ವಜನಿಕ ಹಣವನ್ನು ವರ್ಷವರ್ಷವೂ ಮೀಸಲಿಡುವುದು ಕರ್ತವ್ಯ. 20 ಮಿಲಿಗ್ರಾಂ ಸಾಕಾಗಬಹುದಾದಲ್ಲಿ, 240ಕ್ಕೆ ಹಣವಿಲ್ಲವೆಂದು ರೋಗಿಯನ್ನು ಬರಿಗೈಯಲ್ಲಿ ಮನೆಗೆ ಕಳುಹಿಸುವ ಸಂದರ್ಭ ಒದಗಬಾರದು.