ಆಟ ಮತ್ತು ಪಣ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಬೇಸ್‌ಬಾಲ್ ಬೇಸಗೆಯ ಆಟ. ಮಾರ್ಚ್ ತಿಂಗಳ ಕೊನೆಗೆ ಅದು ಆರಂಭವಾಗುತ್ತದೆ. ಅಕ್ಟೋಬರ್ ಮುಗಿಯುವ ವೇಳೆಗೆ, ಕೆಲವು ವರ್ಷ ನವೆಂಬರ್ ಹುಟ್ಟಿದ ಮೇಲೆ, ವರ್ಲ್ಡ್ ಸೀರೀಸ್ ಎಂಬ ಅಂತಿಮ ಪಂದ್ಯಮಾಲೆಯೊಡನೆ ಕೊನೆಗಾಣುತ್ತದೆ. ಮೇಜರ್ ಲೀಗ್ ಎಂಬ ಅಗ್ರಶ್ರೇಣಿಯಲ್ಲಿ ಇರುವ ತಂಡಗಳು 30. ಅವುಗಳಲ್ಲಿ ಒಂದು ಮಾತ್ರ ನೆರೆಯ ಕೆನಡಾ ದೇಶದ್ದು. ಒಂದೊಂದು ತಂಡವೂ ಋತುವೊಂದರಲ್ಲಿ 162 ಪಂದ್ಯಗಳನ್ನು ಆಡಬೇಕು. ಆರು ತಿಂಗಳ ಕಾಲ ಹೆಚ್ಚುಕಡಮೆ ಪ್ರತಿದಿನವೂ ಜೊತೆಗಿದ್ದ ಆಟ ಒಮ್ಮೆಲೇ ನಿಂತುಹೋದಾಗ ಅಭಿಮಾನಿಯ ಸಂಜೆಗಳು ಬರಿದಾಗುತ್ತವೆ. ಹಿಂದಿನ ಕಾಲದಲ್ಲಿ ಸಣ್ಣ ಊರುಗಳ ಅಂಗಡಿಗಳಲ್ಲಿ ಜನರು ಕಾದ ಒಲೆಯ ಸುತ್ತ ಕುಳಿತು, ಮುಗಿದುಹೋದ ಪಂದ್ಯಗಳನ್ನು ಮಾತಿನಲ್ಲಿ ಮತ್ತೊಮ್ಮೆ ಆಡುತ್ತಿದ್ದರು. ಈ ಚಳಿಗಾಲದ ಹರಟೆಗೆ ಅಲ್ಲಿ ‘ಬಿಸಿ ಒಲೆಯ ಲೀಗ್’ ಎಂಬ ಹೆಸರೇ ಉಂಟು. ಒಲೆಗಳು ಹೋಗಿವೆ, ಹರಟೆ ಹೋಗಿಲ್ಲ.

ಆ ಹರಟೆಯ ಬಂಡವಾಳವೆಂದರೆ ನೆನಪು ಮತ್ತು ಅಂಕಿಅಂಶ. ಯಾವ ಆಟಗಾರನು ಯಾವ ತಂಡಕ್ಕೆ ಹೋಗುವನು, ಐವತ್ತು ವರ್ಷಗಳ ಹಿಂದಿನ ದಾಂಡಿಗನೊಬ್ಬನು ಇಂದಿನ ಎಸೆತಗಾರನನ್ನು ಹೇಗೆ ಎದುರಿಸುತ್ತಿದ್ದನು, ಬೇಸ್‌ಬಾಲನ್ನು ಕುರಿತ ಚಲನಚಿತ್ರಗಳಲ್ಲಿ ಯಾವುದು ಮೇಲು ಎಂಬಂಥ ಮಾತುಗಳಿಗೆ ಕೊನೆಯೆಂಬುದಿಲ್ಲ. ಇಂಥ ವಾದಗಳನ್ನು ಹೂಡುವವರು ತಾವು ಎತ್ತಿ ತೋರಿಸುವ ಅಂಕಿಗಳು ನಿಜವಾದವು ಎಂದು ನಂಬಿರುತ್ತಾರೆ. ಆಟಗಾರನು ಗೆಲ್ಲಲೆಂದೇ ಆಡಿದ್ದನು, ಸೋತಾಗ ಕೈಲಾಗದೆಯೇ ಸೋತಿದ್ದನು ಎಂಬುದು ಆ ನಂಬಿಕೆಯ ತಳಹದಿ. ಇತ್ತೀಚಿನ ಚಳಿಗಾಲಗಳಲ್ಲಿ ಈ ತಳಹದಿಯೇ ಚರ್ಚೆಗೆ ಬಂದಿದೆ. ಅದಕ್ಕೆ ಕಾರಣ ಜೂಜು.

ಬೇಸ್‌ಬಾಲಿನ ಸ್ವಭಾವವನ್ನು ಸ್ವಲ್ಪ ಅರಿತರೆ ಈ ಭಯ ಏಕೆಂಬುದು ತಿಳಿಯುತ್ತದೆ. ಚೆಂಡನ್ನು ಎಸೆಯುವವನಿಗೆ ಪಿಚರ್ ಎಂದು ಹೆಸರು. ಅವನು 60 ಅಡಿ 6 ಅಂಗುಲ ದೂರದಿಂದ ಚೆಂಡನ್ನು ಎಸೆಯುತ್ತಾನೆ. ದಾಂಡಿಗನು ಅದನ್ನು ಹೊಡೆದು ಮೊದಲ ನೆಲೆಗೆ ಓಡಬೇಕು. ಹತ್ತು ಅವಕಾಶಗಳಲ್ಲಿ ಮೂರು ಬಾರಿ ಇದನ್ನು ಸಾಧಿಸಬಲ್ಲವನು ಶ್ರೇಷ್ಠ ದಾಂಡಿಗನೆನಿಸಿಕೊಳ್ಳುತ್ತಾನೆ. ಅಂದರೆ ಶ್ರೇಷ್ಠನಾದವನೂ ಹತ್ತರಲ್ಲಿ ಏಳು ಬಾರಿ ವಿಫಲನಾಗುತ್ತಾನೆ. ಕ್ರಿಕೆಟ್ ಬಲ್ಲವರಿಗೆ ಇದು ವಿಚಿತ್ರವೆನಿಸಬಹುದು. ಆದರೆ ಆ ಆಟದ ಸೊಗಸೆಲ್ಲ ಇರುವುದು ಇಲ್ಲಿಯೇ. ಸೋಲು ಇಲ್ಲಿ ಇಷ್ಟು ಸಹಜವಾಗಿರುವುದರಿಂದ ಕಪಟದ ಸೋಲನ್ನು ಗುರುತಿಸುವುದು ಬಲು ಕಷ್ಟ. ಏಳು ಬಾರಿ ಸೋಲುವವನು ಎಂಟನೆಯ ಬಾರಿ ಹಣಕ್ಕಾಗಿ ಸೋತರೆ ಅದನ್ನು ಕಂಡುಹಿಡಿಯುವವರು ಯಾರು?

1919ರ ವರ್ಲ್ಡ್ ಸೀರೀಸ್ ಇದಕ್ಕೆ ದೊಡ್ಡ ನಿದರ್ಶನ. ಚಿಕಾಗೊ ವೈಟ್ ಸಾಕ್ಸ್ ತಂಡವು ಬಲಿಷ್ಠವಾಗಿತ್ತು. ಗೆಲುವು ಅದರದೇ ಎಂದು ಜನ ಭಾವಿಸಿದ್ದರು. ಸಿನ್ಸಿನಾಟಿ ರೆಡ್ಸ್ ತಂಡವು ಐದು ಪಂದ್ಯಗಳನ್ನು ಗೆದ್ದಿತು. ವೈಟ್ ಸಾಕ್ಸ್ ಗೆದ್ದದ್ದು ಮೂರನ್ನು ಮಾತ್ರ. ಚಿಕಾಗೊ ತಂಡದ ಎಂಟು ಮಂದಿ ಜೂಜುಗಾರರೊಡನೆ ಕೈಜೋಡಿಸಿದರೆಂಬ ಸುದ್ದಿ ಮರುವರ್ಷ ಹೊರಬಿದ್ದಿತು. ಮೊದಲ ಪಂದ್ಯದಲ್ಲಿ ಪಿಚರ್ ಎಡ್ಡಿ ಸಿಕಾಟ್ ಎಸೆದ ಎರಡನೆಯ ಚೆಂಡು ಎದುರಾಳಿಯ ಮೈಗೆ ಬಡಿದುದೇ ಒಪ್ಪಂದ ಕುದುರಿದೆಯೆಂಬ ಸಂಕೇತವಾಗಿತ್ತೆಂದು ಹೇಳುತ್ತಾರೆ. ನೋಡುತ್ತಿದ್ದ ಸಾವಿರಾರು ಜನರಿಗೆ ಅದು ಕೈತಪ್ಪಿದ ಒಂದು ಚೆಂಡು, ಅಷ್ಟೆ.

ಆ ಎಂಟು ಮಂದಿಯಲ್ಲಿ ಜೋ ಜ್ಯಾಕ್ಸನ್ ಎಂಬವನು ಓದುಬರಹ ಬಾರದ, ಅಸಾಧಾರಣ ಪ್ರತಿಭೆಯ ದಾಂಡಿಗ. 5,000 ಡಾಲರುಗಳನ್ನು ಪಡೆದುದಾಗಿ ಅವನು ಹೇಳಿಕೆ ಕೊಟ್ಟನು. ಆಗ ಅವನ ವರ್ಷದ ಸಂಬಳವೇ 6,000 ಡಾಲರು. ಆದರೆ ಆ ಸೀರೀಸಿನಲ್ಲಿ ಅವನು 32 ಅವಕಾಶಗಳಲ್ಲಿ 12 ಬಾರಿ ಯಶಸ್ವಿಯಾಗಿ ಹೊಡೆದಿದ್ದನು. ಇವು ಮೋಸ ಮಾಡಿದವನ ಅಂಕಿಗಳೇ? ಅಥವಾ ಹಣ ಪಡೆದೂ ಮನಸ್ಸು ಒಪ್ಪದೆ ಚೆನ್ನಾಗಿಯೇ ಆಡಿದವನ ಅಂಕಿಗಳೇ? ನೂರು ವರ್ಷ ಕಳೆದರೂ ಈ ಪ್ರಶ್ನೆ ಚಳಿಗಾಲದ ಹರಟೆಯಿಂದ ಮರೆಯಾಗಿಲ್ಲ. ಬಕ್ ವೀವರ್ ಎಂಬ ಇನ್ನೊಬ್ಬನು ಹಣವನ್ನು ಮುಟ್ಟಿರಲಿಲ್ಲ. ಸಂಚಿನ ವಿಷಯ ತಿಳಿದಿದ್ದೂ ಬಾಯಿಬಿಡಲಿಲ್ಲ ಎಂಬುದೇ ಅವನ ಅಪರಾಧ. 1921ರ ಆಗಸ್ಟಿನಲ್ಲಿ ನ್ಯಾಯಾಲಯದ ಪಂಚರು ಆರೋಪಿಗಳನ್ನು ನಿರ್ದೋಷಿಗಳೆಂದು ಸಾರಿದರು. ಆದರೆ ಮರುದಿನವೇ ಬೇಸ್‌ಬಾಲಿನ ಕಮಿಷನರ್ ಕೆನೆಸಾ ಮೌಂಟನ್ ಲ್ಯಾಂಡಿಸ್ ಎಂಟು ಮಂದಿಯನ್ನೂ ಆಟದಿಂದ ಶಾಶ್ವತವಾಗಿ ಹೊರಗಿಟ್ಟನು. ಸ್ವತಃ ನ್ಯಾಯಾಧೀಶನಾಗಿದ್ದ ಅವನಿಗೆ ಪಂಚರ ತೀರ್ಪಿನ ಅರ್ಥ ತಿಳಿಯದೆ ಇರಲಿಲ್ಲ. ವೀವರನ ಮಟ್ಟಿಗೆ ಅದು ಕಠೋರ ಶಿಕ್ಷೆಯೇ ಸರಿ. ಆದರೂ ಆ ಕಾಠಿಣ್ಯದಿಂದಲೇ ಬೇಸ್‌ಬಾಲ್ ಜನರ ನಂಬಿಕೆಯನ್ನು ಮರಳಿ ಗಳಿಸಿತು ಎಂಬುದನ್ನು ಅಲ್ಲಗಳೆಯಲಾಗದು.

ಜನಪ್ರಿಯ ಕಲೆಗಳು ಈ ಕಥೆಯನ್ನು ಕೈಬಿಡಲಿಲ್ಲ. 1925ರಲ್ಲಿ ಪ್ರಕಟವಾದ ಸ್ಕಾಟ್ ಫಿಟ್ಸ್‌ಜೆರಾಲ್ಡನ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ ಕಾದಂಬರಿಯಲ್ಲಿ 1919ರ ಮೋಸವನ್ನು ಹೂಡಿದ ಜೂಜುಗಾರನೇ ಒಂದು ಪಾತ್ರ. 1988ರಲ್ಲಿ ‘ಎಯ್ಟ್ ಮೆನ್ ಔಟ್’, ಮರುವರ್ಷ ‘ಫೀಲ್ಡ್ ಆಫ್ ಡ್ರೀಮ್ಸ್’ ಎಂಬ ಚಲನಚಿತ್ರಗಳು ಬಂದವು. ಮೊದಲನೆಯದು ತಂಡದ ಒಡೆಯನನ್ನು ಕಡುಜಿಪುಣನೆಂದು ಚಿತ್ರಿಸಿ, ಆಟಗಾರರನ್ನು ತಪ್ಪುದಾರಿಗೆ ತಳ್ಳಿದುದು ಅವನ ಜಿಪುಣತನವೇ ಎಂದು ನಂಬಿಸಿತು. ಮುಂದೆ ದೊರೆತ ಸಂಬಳದ ದಾಖಲೆಗಳು ಬೇರೆಯದನ್ನೇ ಹೇಳುತ್ತವೆ: ಆ ತಂಡ ಸಂಬಳಕ್ಕೆ ವೆಚ್ಚಮಾಡುತ್ತಿದ್ದ ಒಟ್ಟು ಹಣವು ಅಂದಿನ ತಂಡಗಳಲ್ಲಿ ಹೆಚ್ಚಿನದರ ಸಾಲಿಗೇ ಸೇರಿತ್ತು. ಎರಡನೆಯ ಚಿತ್ರದಲ್ಲಿ ಐಯೊವಾ ರಾಜ್ಯದ ರೈತನೊಬ್ಬನು ಜೋಳದ ಹೊಲವನ್ನು ಕಡಿದು ಆಟದ ಬಯಲು ಮಾಡುತ್ತಾನೆ. ಸತ್ತುಹೋಗಿದ್ದ ಜ್ಯಾಕ್ಸನ್ ಅಲ್ಲಿಗೆ ಬಂದು ಆಡುತ್ತಾನೆ. ಚಿತ್ರದ ಜ್ಯಾಕ್ಸನ್ ಬಲಗೈ ದಾಂಡಿಗ; ನಿಜವಾದ ಜ್ಯಾಕ್ಸನ್ ಎಡಗೈ ದಾಂಡಿಗ. ಅಭಿಮಾನಿಗಳು ಇದನ್ನು ಇಂದಿಗೂ ಕ್ಷಮಿಸಿಲ್ಲ! ಆದರೆ ಕಥೆಯೇ ಅವನ ತಪ್ಪನ್ನು ಮೃದುಗೊಳಿಸಿಬಿಟ್ಟಿತೆಂಬುದನ್ನು ಅಷ್ಟಾಗಿ ಗಮನಿಸುವುದಿಲ್ಲ. ಮರುಕ ಹುಟ್ಟಿಸುವ ಕಥೆ ಒಳ್ಳೆಯದೇ. ಅದನ್ನು ಸಾಕ್ಷ್ಯವೆಂದು ತಿಳಿದರೆ ಮಾತ್ರ ಎಡವುತ್ತೇವೆ.

ಪೀಟ್ ರೋಸ್‌ನ ಕಥೆಗೆ ಇಂಥ ಮೃದುತ್ವವಿಲ್ಲ. 4,256 ಯಶಸ್ವೀ ಹೊಡೆತಗಳ ಅವನ ದಾಖಲೆಯನ್ನು ಮೇಜರ್ ಲೀಗಿನಲ್ಲಿ ಯಾರೂ ಮೀರಿಲ್ಲ. ಸಿನ್ಸಿನಾಟಿ ತಂಡದ ವ್ಯವಸ್ಥಾಪಕನಾಗಿದ್ದಾಗ ಬೇಸ್‌ಬಾಲ್ ಪಂದ್ಯಗಳ ಮೇಲೆ ಬಾಜಿ ಕಟ್ಟಿದನೆಂದು 1989ರ ಆಗಸ್ಟಿನಲ್ಲಿ ಅವನನ್ನು ಶಾಶ್ವತವಾಗಿ ನಿಷೇಧಿಸಲಾಯಿತು. ಹದಿನೈದು ವರ್ಷ ಅಲ್ಲಗಳೆದು 2004ರಲ್ಲಿ ಅವನೇ ಅದನ್ನು ಒಪ್ಪಿಕೊಂಡನು. ತನ್ನ ತಂಡ ಗೆಲ್ಲಲೆಂದು ಪಣ ಕಟ್ಟಿದೆನೇ ಹೊರತು ಸೋಲಲೆಂದಲ್ಲ ಎಂದನು. ಹಾಗಾದರೆ ತಪ್ಪೇನು ಎಂದು ಅವನ ಅಭಿಮಾನಿಗಳು ಕೇಳುತ್ತಾರೆ. ಮೇಲುನೋಟಕ್ಕೆ ಈ ಪ್ರಶ್ನೆ ಸರಿಯೆಂದೇ ತೋರುತ್ತದೆ. ಆದರೆ ವ್ಯವಸ್ಥಾಪಕನೊಬ್ಬನು ಇಂದು ಪಣ ಕಟ್ಟಿ ನಾಳೆ ಕಟ್ಟದಿದ್ದರೆ, ನಾಳೆಯ ಪಂದ್ಯದಲ್ಲಿ ಅವನಿಗೆ ಭರವಸೆಯಿಲ್ಲವೆಂದು ಜೂಜುಗಾರರಿಗೆ ಸುಳಿವು ಸಿಕ್ಕಿದಂತಾಗುತ್ತದೆ. ಪಣ ಕಟ್ಟಿದ ದಿನ ದಣಿದ ಪಿಚರನನ್ನೂ ಅಂಗಣಕ್ಕಿಳಿಸುವ ಆಸೆ ಹುಟ್ಟಬಹುದು. ಸಾಲ ಬೆಳೆದರೆ ಸಾಲಗಾರನ ಮಾತಿಗೆ ಮಣಿಯಬೇಕಾಗಬಹುದು. ಬೇಸ್‌ಬಾಲಿನ 21ನೆಯ ನಿಯಮವು ಗೆಲುವಿಗೆ ಕಟ್ಟಿದ ಪಣ, ಸೋಲಿಗೆ ಕಟ್ಟಿದ ಪಣ ಎಂಬ ಭೇದವನ್ನು ಮಾಡದಿರುವುದು ವಿವೇಕವೇ ಆಗಿದೆ.

ಒಂದು ಕಾಲಕ್ಕೆ ಈ ವಿವೇಕ ಅತಿಗೂ ಹೋಗಿತ್ತು. ವಿಲ್ಲಿ ಮೇಸ್ ಮತ್ತು ಮಿಕಿ ಮ್ಯಾಂಟಲ್ ಎಂಬ ಇಬ್ಬರು ಮಹಾ ಆಟಗಾರರು ನಿವೃತ್ತರಾದ ಮೇಲೆ ಅಟ್ಲಾಂಟಿಕ್ ಸಿಟಿಯ ಜೂಜುಕಟ್ಟೆಗಳಲ್ಲಿ ಅತಿಥಿಗಳನ್ನು ಸ್ವಾಗತಿಸುವ ಕೆಲಸಕ್ಕೆ ಸೇರಿದರು. ಅವರು ಪಣ ಕಟ್ಟುತ್ತಿರಲಿಲ್ಲ. ಆದರೂ ಮೇಸ್‌ನನ್ನು 1979ರಲ್ಲಿ, ಮ್ಯಾಂಟಲ್‌ನನ್ನು 1983ರಲ್ಲಿ ಬೇಸ್‌ಬಾಲ್ ತನ್ನಿಂದ ದೂರವಿಟ್ಟಿತು. 1985ರಲ್ಲಷ್ಟೆ ಅವರನ್ನು ಮತ್ತೆ ಕರೆದುಕೊಳ್ಳಲಾಯಿತು.

ಆಮೇಲೆ ಗಾಳಿ ಬೇರೆ ಕಡೆಗೆ ತಿರುಗಿತು. ಕ್ರೀಡಾಜೂಜನ್ನು ಬಹುಮಟ್ಟಿಗೆ ತಡೆದಿದ್ದ 1992ರ ಕಾನೂನನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 2018ರ ಮೇ ತಿಂಗಳಲ್ಲಿ ರದ್ದುಪಡಿಸಿತು. ಅಲ್ಲಿಂದೀಚೆಗೆ ಮೂವತ್ತಕ್ಕೂ ಹೆಚ್ಚು ರಾಜ್ಯಗಳು ಅದಕ್ಕೆ ಅನುಮತಿ ನೀಡಿವೆ. ಅದೇ ವರ್ಷದ ನವೆಂಬರಿನಲ್ಲಿ ಮೇಜರ್ ಲೀಗ್ ಎಂಜಿಎಂ ರಿಸಾರ್ಟ್ಸ್ ಎಂಬ ಜೂಜುಕಟ್ಟೆಗಳ ಸಂಸ್ಥೆಯನ್ನು ತನ್ನ ಅಧಿಕೃತ ಸಹಭಾಗಿಯಾಗಿ ಸ್ವೀಕರಿಸಿತು. 2022ರಲ್ಲಿ ವಾಷಿಂಗ್ಟನ್ ನಗರದ ಕ್ರೀಡಾಂಗಣಕ್ಕೆ ಹೊಂದಿಕೊಂಡೇ ಬಾಜಿ ಕಟ್ಟುವ ಮಳಿಗೆಯೊಂದು ತೆರೆಯಿತು. ಜೂಜುಕಟ್ಟೆಯ ಬಾಗಿಲಲ್ಲಿ ನಿಂತು ಕೈಮುಗಿದವನನ್ನು ಹೊರಹಾಕಿದ್ದ ಆಟವು ಇಂದು ಆ ಕಟ್ಟೆಯ ಪಾಲುದಾರ.

ಈ ಬದಲಾವಣೆಯನ್ನು ಸಮರ್ಥಿಸುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಜೂಜು ಎಂದೂ ನಿಂತಿರಲಿಲ್ಲ, ಕತ್ತಲಲ್ಲಿ ನಡೆಯುತ್ತಿತ್ತು. ಬೆಳಕಿಗೆ ತಂದರೆ ಲೆಕ್ಕವಿಡಬಹುದು, ಅಸಹಜವಾದ ಪಣಗಳನ್ನು ಗುರುತಿಸಬಹುದು ಎಂಬುದು ಅವರ ವಾದ. ಅದು ನಿಜವೂ ಆಗಿದೆ. 2024ರ ಜೂನಿನಲ್ಲಿ ಟುಕುಪಿಟಾ ಮಾರ್ಕಾನೊ ಎಂಬ ಆಟಗಾರನು ಬೇಸ್‌ಬಾಲ್ ಮೇಲೆ ಪಣ ಕಟ್ಟಿದುದಕ್ಕಾಗಿ ಜೀವಾವಧಿ ನಿಷೇಧಕ್ಕೆ ಒಳಗಾದನು. ಸುಳಿವು ಕೊಟ್ಟುದು ಕಾನೂನುಬದ್ಧವಾದ ಬಾಜಿ ಸಂಸ್ಥೆಯೇ.

ಆದರೆ ಬೆಳಕಿಗೆ ಬಂದ ಜೂಜು ಕತ್ತಲೆಯ ಜೂಜಿನಷ್ಟೇ ಆಗಿ ಉಳಿದಿಲ್ಲ. ಹಿಂದೆ ಗೆಲುವುಸೋಲಿನ ಮೇಲೆ ಪಣ. ಇಂದು ಮುಂದಿನ ಒಂದು ಎಸೆತದ ಮೇಲೆಯೂ ಪಣ. ಚೆಂಡು ಎಷ್ಟು ವೇಗವಾಗಿ ಬರುವುದು, ದಾಂಡಿಗನ ಎಟುಕಿನೊಳಗೆ ಬರುವುದೇ, ಅದರಾಚೆ ಹೋಗುವುದೇ ಎಂಬುದನ್ನು ಊಹಿಸಿ ಹಣ ಹೂಡಬಹುದು. ಇಡೀ ಪಂದ್ಯವನ್ನು ಸೋಲಲು ಹಲವರ ಒಪ್ಪಿಗೆ ಬೇಕು. ಒಂದು ಚೆಂಡನ್ನು ನೆಲಕ್ಕೆ ಎಸೆಯಲು ಒಬ್ಬ ಸಾಕು. 2010ರಲ್ಲಿ ಲಂಡನ್ನಿನ ಲಾರ್ಡ್ಸ್ ಮೈದಾನದ ಟೆಸ್ಟ್ ಪಂದ್ಯದಲ್ಲಿ ಪಾಕಿಸ್ತಾನದ ಬೌಲರುಗಳು ಹಣಕ್ಕಾಗಿ ನೋ ಬಾಲ್ ಎಸೆದು, ನಾಯಕನೊಡನೆ ಸೆರೆಮನೆಗೆ ಹೋದುದನ್ನು ಕ್ರಿಕೆಟ್ ಪ್ರೇಮಿಗಳು ಮರೆತಿಲ್ಲ. ಬೇಸ್‌ಬಾಲಿನಲ್ಲಿಯೂ 2025ರ ನವೆಂಬರಿನಲ್ಲಿ ಕ್ಲೀವ್‌ಲ್ಯಾಂಡ್ ತಂಡದ ಇಬ್ಬರು ಪಿಚರುಗಳ ಮೇಲೆ ಅಂಥದೇ ಆರೋಪ ಬಂದಿತು. ಇಬ್ಬರೂ ಅದನ್ನು ಅಲ್ಲಗಳೆದರು. ಆ ಮೊಕದ್ದಮೆಯ ಗತಿ ಏನೇ ಆಗಲಿ, ಮೇಜರ್ ಲೀಗ್ ಆಗಲೇ ಬಾಜಿ ಸಂಸ್ಥೆಗಳೊಡನೆ ಮಾತಾಡಿ, ಒಂದೊಂದು ಎಸೆತದ ಮೇಲಿನ ಪಣಕ್ಕೆ 200 ಡಾಲರುಗಳ ಮಿತಿಯನ್ನು ಗೊತ್ತುಪಡಿಸಿತು. ಮಿತಿ ಹಾಕಿತೇ ಹೊರತು ನಿಲ್ಲಿಸಲಿಲ್ಲ. ಪಾಲುದಾರನ ಕೈ ಅಷ್ಟೇ ದೂರ ಚಾಚಬಲ್ಲದು.

ನಷ್ಟವು ಆಟಗಾರನ ಮನೆಬಾಗಿಲಿಗೂ ಬರುತ್ತಿದೆ. 2025ರ ಮೇ ತಿಂಗಳಲ್ಲಿ ಹ್ಯೂಸ್ಟನ್ ತಂಡದ ಪಿಚರೊಬ್ಬನು ಒಂದು ದಿನ ಕೆಟ್ಟದಾಗಿ ಆಡಿದುದಕ್ಕೆ ಅವನಿಗೂ ಅವನ ಮಕ್ಕಳಿಗೂ ಕೊಲೆ ಬೆದರಿಕೆ ಬಂದಿತು. ಬೆದರಿಸಿದವನು ಹೊರದೇಶದಲ್ಲಿದ್ದ, ಆ ಪಂದ್ಯದ ಮೇಲೆ ಹಣ ಕಳೆದುಕೊಂಡ ಒಬ್ಬ ಕುಡುಕನೆಂದು ಪೊಲೀಸರು ಪತ್ತೆಹಚ್ಚಿದರು. ಸೋತ ತಂಡದ ಅಭಿಮಾನಿಗೂ ಹಣ ಕಳೆದುಕೊಂಡವನಿಗೂ ಇರುವ ಅಂತರ ಇಲ್ಲಿ ಎದ್ದು ಕಾಣುತ್ತದೆ. ಅಭಿಮಾನಿಯು ಸೋಲನ್ನು ಮುಂದಿನ ವರ್ಷದ ಆಸೆಯಾಗಿ ಮಾರ್ಪಡಿಸಿಕೊಳ್ಳುತ್ತಾನೆ. ಚಳಿಗಾಲವಿಡೀ ಅದನ್ನು ಮಾತಾಡಿ ಹಗುರಮಾಡಿಕೊಳ್ಳುತ್ತಾನೆ. ಪಣ ಕಟ್ಟಿದವನಿಗೆ ಮುಂದಿನ ವರ್ಷವೆಂಬುದಿಲ್ಲ. ಅವನಿಗೆ ದಾಂಡಿಗನ ಸೋಲು ತನ್ನ ಜೇಬಿಗೆ ಬಿದ್ದ ಕತ್ತರಿ. ಇನ್ನೂ ಕೆಟ್ಟದ್ದೆಂದರೆ, ಪಣ ಕಟ್ಟದವನ ಮನಸ್ಸಿನಲ್ಲಿಯೂ ಸಂಶಯ ಮೊಳೆಯುತ್ತಿದೆ. ಒಳ್ಳೆಯ ಪಿಚರನ ಕೈಯಿಂದ ಚೆಂಡು ಜಾರಿದಾಗ ‘ಅಯ್ಯೋ’ ಎನ್ನುತ್ತಿದ್ದ ಬಾಯಿ ಈಗ ‘ಏಕೆ?’ ಎನ್ನುತ್ತದೆ. ಮೇಜರ್ ಲೀಗ್ ಬಾಜಿ ಸಂಸ್ಥೆಗಳಿಂದ ಪಡೆಯುವ ಹಣವನ್ನು ಲೆಕ್ಕ ಹಾಕಬಹುದು. ಈ ಸಂಶಯದ ಬೆಲೆಯನ್ನು ಅದರ ಲೆಕ್ಕಪುಸ್ತಕದಲ್ಲಿ ಬರೆಯುವವರಿಲ್ಲ.

ಪೀಟ್ ರೋಸ್ 2024ರ ಸೆಪ್ಟೆಂಬರಿನಲ್ಲಿ ತೀರಿಕೊಂಡನು. ಶಾಶ್ವತ ನಿಷೇಧವು ಮರಣದೊಡನೆ ಮುಗಿಯುತ್ತದೆಂದು ಕಮಿಷನರ್ ರಾಬ್ ಮ್ಯಾನ್‌ಫ್ರೆಡ್ 2025ರ ಮೇ ತಿಂಗಳಲ್ಲಿ ತೀರ್ಮಾನಿಸಿದರು. ಇದರಿಂದ ರೋಸ್, ಜ್ಯಾಕ್ಸನ್, ವೀವರ್ ಮೊದಲಾದವರ ಹೆಸರುಗಳು ನಿಷೇಧಿತರ ಪಟ್ಟಿಯಿಂದ ಬಿಡುಗಡೆ ಹೊಂದಿದವು. ಶ್ರೇಷ್ಠ ಆಟಗಾರರ ಕೀರ್ತಿಭವನಕ್ಕೆ ಅವರನ್ನು ಸೇರಿಸಬಹುದೇ ಎಂಬುದನ್ನು ಪರಿಶೀಲಿಸಬಲ್ಲ ಸಮಿತಿಯ ಸಭೆ 2027ರ ಡಿಸೆಂಬರಿಗೆ ಗೊತ್ತಾಗಿದೆ, ಅದೂ ಚಳಿಗಾಲದಲ್ಲಿಯೇ. ಹರಟೆಗೆ ಅಲ್ಲಿಯವರೆಗೆ ಬರವಿಲ್ಲ. ನಡುವೆ ಪ್ರತಿ ಫೆಬ್ರುವರಿಯಲ್ಲಿಯೂ ಫ್ಲಾರಿಡ ಮತ್ತು ಅರಿಜೋನ ರಾಜ್ಯಗಳ ತರಬೇತಿ ಶಿಬಿರಗಳಿಗೆ ಉಳಿದವರಿಗಿಂತ ಮೊದಲು ಪಿಚರುಗಳು ಬಂದು ಸೇರುತ್ತಾರೆ. ಅವರು ಉಡುಪು ಬದಲಿಸುವ ಕೋಣೆಯ ಗೋಡೆಯ ಮೇಲೆ 21ನೆಯ ನಿಯಮವನ್ನು ಅಚ್ಚುಹಾಕಿ ತೂಗುಹಾಕಿರುತ್ತಾರೆ.